ಅಡಕತ್ತರಿಯಲ್ಲಿ ಎಚ್‌ಆರ್: ಅಹವಾಲು ಕೇಳುವವರ ಅಹವಾಲು ಕೇಳುವವರಾರು?

ಬೆಂಗಳೂರು: ಬೆಳಿಗ್ಗೆ 9.30. ಹೊಸದಾಗಿ ಕೆಲಸಕ್ಕೆ ಸೇರಿದ ಹನ್ನೆರಡು ಮಂದಿ ಯುವಕ ಯುವತಿಯರಿಗೆ ಸ್ವಾಗತ. ಕೈಗೊಂದು ಚೀಲ, ಕೊರಳಿಗೊಂದು ಗುರುತಿನ ಚೀಟಿ, ಬಾಯಿ ತುಂಬ ನಗು. ಹನ್ನೊಂದು ಗಂಟೆಗೆ ಮುಚ್ಚಿದ ಬಾಗಿಲ ಹಿಂದೆ ಮಹಿಳಾ ಉದ್ಯೋಗಿಯೊಬ್ಬರ ದೂರು ಆಲಿಸುವ ಕೆಲಸ. ಮಧ್ಯಾಹ್ನ ಮೂರಕ್ಕೆ ಅದೇ ಕೋಣೆಗೆ ನಾಲ್ವರನ್ನು ಒಬ್ಬೊಬ್ಬರಾಗಿ ಕರೆಸಿ, ನಾಳೆಯಿಂದ ಬರಬೇಕಾಗಿಲ್ಲ ಎಂದು ತಿಳಿಸುವ ಕೆಲಸ. ಸಂಜೆ ಆರಕ್ಕೆ ರಾಜ್ಯೋತ್ಸವದ ರಂಗೋಲಿ ಸ್ಪರ್ಧೆಗೆ ಬಹುಮಾನ ಏನಿರಬೇಕೆಂಬ ಚರ್ಚೆ. ಬೆಳಿಗ್ಗೆ ಗುರುತಿನ ಚೀಟಿ ತೊಡಿಸಿದ ಕೈಯೇ ಮಧ್ಯಾಹ್ನ ಗುರುತಿನ ಚೀಟಿಯನ್ನು ಹಿಂಪಡೆದಿರುತ್ತದೆ.

ಹೊರವರ್ತುಲ ರಸ್ತೆಯಲ್ಲಾಗಲಿ, ವೈಟ್‌ಫೀಲ್ಡ್‌ನಲ್ಲಾಗಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಾಗಲಿ, ಮಾನವ ಸಂಪನ್ಮೂಲ ವಿಭಾಗದಲ್ಲಿ ದುಡಿಯುವವರಿಗೆ ಇಂಥ ದಿನ ಅಪರೂಪವಲ್ಲ. ಎಲ್ಲರ ಬಾಯಲ್ಲಿ 'ಎಚ್‌ಆರ್' ಎಂದೇ ಕರೆಸಿಕೊಳ್ಳುವ ಈ ವರ್ಗದ ಬಗ್ಗೆ ಉಳಿದ ಉದ್ಯೋಗಿಗಳಲ್ಲಿ ಇರುವ ಭಾವನೆಯನ್ನು ಒಂದೇ ಗಾದೆಯಲ್ಲಿ ಹೇಳಿಬಿಡಬಹುದು: ದೇವರು ವರ ಕೊಟ್ಟರೂ ಪೂಜಾರಿ ಕೊಡ. ರಜೆ ಸಿಗದಿದ್ದರೆ ಎಚ್‌ಆರ್ ಕಾರಣ, ಸಂಬಳ ಏರದಿದ್ದರೆ ಎಚ್‌ಆರ್ ಕಾರಣ, ಕೆಲಸ ಹೋದರಂತೂ ಎಚ್‌ಆರ್‌ನವರೇ ಕಾರಣ. ದೇವರು ನಿಜಕ್ಕೂ ವರ ಕೊಟ್ಟಿದ್ದನೇ ಎಂದು ಯಾರೂ ಕೇಳುವುದಿಲ್ಲ.

ಕಳೆದ ಕೆಲವು ವರ್ಷಗಳಲ್ಲಿ ಕೆಲಸದ ಒತ್ತಡದ ಬಗ್ಗೆ ದೇಶದಲ್ಲಿ ಸಾಕಷ್ಟು ಚರ್ಚೆಯಾಗಿದೆ. 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಹ ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಅವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಎಲ್ ಆ್ಯಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರ 90 ಗಂಟೆಯ ಮಾತು ಹೊರಬಿತ್ತು. ಈ ನಡುವೆ 2024ರ ಜುಲೈನಲ್ಲಿ ಐಟಿ ವಲಯದಲ್ಲಿ ದಿನಕ್ಕೆ 14 ಗಂಟೆಯವರೆಗೆ ದುಡಿಸಿಕೊಳ್ಳಲು ಅವಕಾಶ ನೀಡುವ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದು, ನೌಕರರ ಸಂಘ ಪ್ರತಿಭಟನೆಗಿಳಿಯಿತು. ಅದೇ ವರ್ಷ ಪುಣೆಯಲ್ಲಿ ಯುವ ಲೆಕ್ಕಪರಿಶೋಧಕಿಯೊಬ್ಬರ ಸಾವು ದೇಶದ ಗಮನ ಸೆಳೆಯಿತು. ಈ ಎಲ್ಲ ಸಂದರ್ಭಗಳಲ್ಲೂ 'ಎಚ್‌ಆರ್ ವಿಭಾಗ ಏನು ಮಾಡುತ್ತಿತ್ತು?' ಎಂಬ ಪ್ರಶ್ನೆ ಎದ್ದಿತು. ಪ್ರಶ್ನೆ ಸರಿಯೇ. ಆದರೆ ಆ ಕುರ್ಚಿಯಲ್ಲಿ ಕುಳಿತವರ ಸ್ಥಿತಿ ಏನು ಎಂಬ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿಯಿತು.

ದಣಿವು ಬೇರೆ, ಬಳಲಿಕೆ ಬೇರೆ

'ಬರ್ನ್‌ಔಟ್' ಎಂಬ ಮಾತು ಇಂದು ಕಾಫಿ ಯಂತ್ರದ ಮುಂದೆ ಸಲೀಸಾಗಿ ಬಳಕೆಯಾಗುತ್ತಿದೆ. ನಿದ್ದೆ ಕೆಟ್ಟರೂ ಬರ್ನ್‌ಔಟ್, ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದರೂ ಬರ್ನ್‌ಔಟ್. ವಾಸ್ತವವಾಗಿ ಅದಕ್ಕೆ ಖಚಿತ ಅರ್ಥವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ, ಉಚಿತ ಚಿಕಿತ್ಸಾಲಯಗಳಲ್ಲಿ ದುಡಿಯುವ ಸ್ವಯಂಸೇವಕರ ಸ್ಥಿತಿಯನ್ನು ವಿವರಿಸಲು ಈ ಪದವನ್ನು ಬಳಸಿದರು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸಂಗಡಿಗರು ಅದನ್ನು ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಅಂತಾರಾಷ್ಟ್ರೀಯ ರೋಗ ವರ್ಗೀಕರಣದ 11ನೇ ಪರಿಷ್ಕರಣೆಯಲ್ಲಿ ಇದಕ್ಕೆ ಸ್ಪಷ್ಟ ವ್ಯಾಖ್ಯೆ ನೀಡಿತು. ಇದು ಕಾಯಿಲೆಯಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂಬುದು ಅದರ ನಿಲುವು.

ವ್ಯಾಖ್ಯೆಯ ಪ್ರಕಾರ ಇದಕ್ಕೆ ಮೂರು ಲಕ್ಷಣಗಳು. ಶಕ್ತಿ ಬತ್ತಿಹೋದ ಭಾವ ಮೊದಲನೆಯದು. ಕೆಲಸದಿಂದ ಮನಸ್ಸು ದೂರ ಸರಿದು, ಅದರ ಬಗ್ಗೆ ಸಿನಿಕತನ ಬೆಳೆಯುವುದು ಎರಡನೆಯದು. ತಾನು ಮಾಡುವುದರಿಂದ ಯಾವ ಪ್ರಯೋಜನವೂ ಇಲ್ಲ ಎನಿಸುವುದು ಮೂರನೆಯದು. ದಣಿವು ಭಾನುವಾರದ ವಿಶ್ರಾಂತಿಯಿಂದ ಹೋಗುತ್ತದೆ. ಬಳಲಿಕೆ ಹಾಗಲ್ಲ, ಸೋಮವಾರ ಬೆಳಿಗ್ಗೆ ಅದೇ ಕೆಲಸ, ಅದೇ ಸ್ಥಿತಿಯಲ್ಲಿ ಕಾದಿದ್ದರೆ ಅದೂ ಕಾದಿರುತ್ತದೆ.

ಈ ಸ್ಥಿತಿಯನ್ನು ಮೊದಲು ಗುರುತಿಸಿದ್ದು ಇತರರ ಸಂಕಟಕ್ಕೆ ಕಿವಿಯಾಗುವ ವೃತ್ತಿಗಳಲ್ಲಿ ಎಂಬುದು ಗಮನಾರ್ಹ. ದಾದಿಯರು, ಸಮಾಜ ಕಾರ್ಯಕರ್ತರು, ಶಿಕ್ಷಕರು ಮೊದಲಾದವರ ಸಾಲಿಗೇ ಎಚ್‌ಆರ್ ಸಿಬ್ಬಂದಿಯೂ ಸೇರುತ್ತಾರೆ. ವ್ಯತ್ಯಾಸವೊಂದಿದೆ. ರೋಗಿ ದಾದಿಯನ್ನು ನಂಬುತ್ತಾನೆ. ಉದ್ಯೋಗಿ ಎಚ್‌ಆರ್ ಅನ್ನು ನಂಬುವುದಿಲ್ಲ. ನಂಬದವರ ನೋವಿಗೆ ಕಿವಿಗೊಡುವುದು ಸಾಮಾನ್ಯ ಕಷ್ಟವಲ್ಲ.

ಒಂದರ ಮೇಲೊಂದು ಅಲೆ

2020ರ ಮಾರ್ಚ್‌ನಿಂದೀಚೆಗೆ ಈ ವಿಭಾಗದ ಮೇಲೆ ಬಿದ್ದ ಹೊರೆಯನ್ನು ಒಂದೊಂದಾಗಿ ನೋಡಿದರೆ ಬಳಲಿಕೆಯ ಮೂಲ ತಿಳಿಯುತ್ತದೆ. ಲಾಕ್‌ಡೌನ್ ಘೋಷಣೆಯಾದಾಗ ರಾತ್ರೋರಾತ್ರಿ ಸಾವಿರಾರು ಉದ್ಯೋಗಿಗಳನ್ನು ಮನೆಯಿಂದ ದುಡಿಯುವ ವ್ಯವಸ್ಥೆಗೆ ಒಗ್ಗಿಸಬೇಕಾಯಿತು. 2021ರ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಂಗಳೂರು ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಪರದಾಡಿದಾಗ ಹಲವು ಕಂಪನಿಗಳಲ್ಲಿ ಫೋನ್ ಹಿಡಿದು ಕುಳಿತವರು ಎಚ್‌ಆರ್‌ನವರೇ. ಮೃತ ಸಹೋದ್ಯೋಗಿಯ ಮನೆಗೆ ಕರೆ ಮಾಡಿ ವಿಮೆಯ ಕಾಗದಪತ್ರ ಕೇಳುವ ಕೆಲಸವೂ ಅವರದೇ ಆಗಿತ್ತು.

ಅದು ಮುಗಿಯುವಷ್ಟರಲ್ಲಿ ರಾಜೀನಾಮೆಗಳ ಅಲೆ. 2022ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್‌ನಂಥ ಸಂಸ್ಥೆಯೇ ಉದ್ಯೋಗ ಬಿಟ್ಟುಹೋದವರ ಪ್ರಮಾಣವನ್ನು ಶೇ. 28.4 ಎಂದು ವರದಿ ಮಾಡಿತ್ತು. ಹೋದವರ ಜಾಗ ತುಂಬಲು ನೇಮಕಾತಿ ವಿಭಾಗಗಳು ಹಗಲಿರುಳು ದುಡಿದವು. ವರ್ಷ ಕಳೆಯುವುದರೊಳಗೆ ಗಾಳಿ ತಿರುಗಿತು. ಜಗತ್ತಿನ ದೊಡ್ಡ ತಂತ್ರಜ್ಞಾನ ಕಂಪನಿಗಳು ಉದ್ಯೋಗ ಕಡಿತಕ್ಕೆ ಇಳಿದವು. 2022ರ ನವೆಂಬರ್‌ನಲ್ಲಿ 11,000 ಮಂದಿಯನ್ನು ಕೈಬಿಟ್ಟ ಮೆಟಾ ಸಂಸ್ಥೆ, ನೇಮಕಾತಿ ವಿಭಾಗಕ್ಕೇ ಹೆಚ್ಚಿನ ಪೆಟ್ಟು ಬೀಳಲಿದೆ ಎಂದು ಬಹಿರಂಗವಾಗಿಯೇ ಹೇಳಿತು. ನೇಮಕ ಮಾಡಿಕೊಳ್ಳುವುದು ನಿಂತರೆ, ನೇಮಕ ಮಾಡುವವರು ಬೇಡವಾಗುತ್ತಾರೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12,000 ಮಂದಿಯನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿದಾಗ ಕಡಿತದ ಭಯ ಭಾರತೀಯ ಕಂಪನಿಗಳಿಗೂ ಅಧಿಕೃತವಾಗಿ ಕಾಲಿಟ್ಟಿತು.

ಇದರ ಬೆನ್ನಲ್ಲೇ 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ವೇತನದ ವ್ಯಾಖ್ಯೆ ಬದಲಾಗಿ ಸಂಬಳದ ರಚನೆಯನ್ನೇ ಮರುಪರಿಶೀಲಿಸಬೇಕಾಯಿತು. ಕೆಲಸ ಬಿಟ್ಟವರ, ಬಿಡಿಸಲ್ಪಟ್ಟವರ ವೇತನ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆಂಬ ನಿಯಮ ಬಂತು. ಉದ್ಯೋಗಿಗಳ ದೃಷ್ಟಿಯಿಂದ ಇದು ಒಳ್ಳೆಯ ನಿಯಮ. ವಾರಗಟ್ಟಲೆ ಎಳೆಯುತ್ತಿದ್ದ ಲೆಕ್ಕವನ್ನು ಎರಡು ದಿನಕ್ಕೆ ಇಳಿಸಬೇಕಾದವರು ಯಾರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಎರಡು ದೋಣಿಯಲ್ಲಿ ಕಾಲು

ಕೆಲಸದ ಹೊರೆಯೊಂದೇ ಕಾರಣವಾಗಿದ್ದರೆ ಇನ್ನಷ್ಟು ಜನರನ್ನು ನೇಮಿಸಿಕೊಂಡು ಸಮಸ್ಯೆ ಬಗೆಹರಿಸಬಹುದಿತ್ತು. ಸಮಸ್ಯೆಯ ಬೇರು ಇನ್ನೂ ಆಳದಲ್ಲಿದೆ.

ಬೆಂಗಳೂರು ಒಂದು ಕಾಲಕ್ಕೆ ಸಾರ್ವಜನಿಕ ಉದ್ದಿಮೆಗಳ ನಗರವಾಗಿತ್ತು. ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳಲ್ಲಿ ಆಡಳಿತ ವರ್ಗದ ಪರವಾಗಿ ಮಾತನಾಡಲು ಅಧಿಕಾರಿಗಳಿದ್ದರು, ಕಾರ್ಮಿಕರ ಪರವಾಗಿ ಮಾತನಾಡಲು ಸಂಘಗಳಿದ್ದವು. 1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕಲ್ಯಾಣಾಧಿಕಾರಿಯ ನೇಮಕವನ್ನು ಕಡ್ಡಾಯಗೊಳಿಸಿತ್ತು. 1980ರ ಕೊನೆಯಲ್ಲಿ ಆರಂಭವಾಗಿ 1981ರವರೆಗೆ ಸಾಗಿದ ಸಾರ್ವಜನಿಕ ಉದ್ದಿಮೆಗಳ ಮುಷ್ಕರವನ್ನು ಹಳೆಯ ಬೆಂಗಳೂರಿಗರು ಇಂದಿಗೂ ನೆನೆಯುತ್ತಾರೆ. ಜಗಳವಿತ್ತು, ಕಹಿಯಿತ್ತು. ಆದರೆ ಮೇಜಿನ ಆಚೆ ಬದಿಗೆ ಯಾರು, ಈಚೆ ಬದಿಗೆ ಯಾರು ಎಂಬ ಗೊಂದಲವಿರಲಿಲ್ಲ.

ಐಟಿ ಯುಗದಲ್ಲಿ ಈಚೆ ಬದಿಯ ಕುರ್ಚಿ ಖಾಲಿಯಾಯಿತು. ಸ್ಥಾಯಿ ಆದೇಶಗಳ ಕಾಯ್ದೆಯಿಂದ ಈ ಉದ್ಯಮಕ್ಕೆ ರಾಜ್ಯ ಸರ್ಕಾರ ವಿನಾಯಿತಿ ನೀಡಿತು. 2014ರಲ್ಲಿ ಮತ್ತು 2019ರಲ್ಲಿ ತಲಾ ಐದು ವರ್ಷಕ್ಕೆ ಅದು ಮುಂದುವರಿಯಿತು. ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಶಿಸ್ತುಕ್ರಮಗಳ ಮಾಹಿತಿಯನ್ನು ಕಾರ್ಮಿಕ ಇಲಾಖೆಗೆ ನೀಡಬೇಕು ಎಂಬ ಷರತ್ತುಗಳು ಅದರೊಂದಿಗಿದ್ದವು. ಆ ಷರತ್ತುಗಳನ್ನು ಪಾಲಿಸುವ ಹೊಣೆಯೂ ಎಚ್‌ಆರ್ ಮೇಜಿಗೇ ಬಂತು. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ 2017ರಲ್ಲಿ ಅಸ್ತಿತ್ವಕ್ಕೆ ಬಂದಿತಾದರೂ ಬಹುಪಾಲು ಕಂಪನಿಗಳ ಒಳಗೆ ಉದ್ಯೋಗಿಗಳ ಪರ ಕುಳಿತು ಮಾತನಾಡುವ ಪ್ರತಿನಿಧಿ ಇಲ್ಲ.

ಹೀಗೆ ಖಾಲಿಯಾದ ಕುರ್ಚಿಯಲ್ಲೂ ಎಚ್‌ಆರ್ ಅನ್ನೇ ಕೂರಿಸಲಾಯಿತು. ಆಡಳಿತ ವರ್ಗದ ನಿರ್ಧಾರವನ್ನು ಉದ್ಯೋಗಿಗೆ ತಿಳಿಸುವವರೂ ಅವರೇ, ಉದ್ಯೋಗಿಯ ನೋವನ್ನು ಆಡಳಿತ ವರ್ಗಕ್ಕೆ ತಲುಪಿಸಬೇಕಾದವರೂ ಅವರೇ. ಸಂಬಳ ಮಾತ್ರ ಒಂದೇ ಕಡೆಯಿಂದ. ಅತ್ತ ದರಿ, ಇತ್ತ ಪುಲಿ.

ಕಾನೂನಿನ ಕಣ್ಣಲ್ಲಿಯೂ ಅವರ ಸ್ಥಾನ ವಿಚಿತ್ರವೇ. 1947ರ ಕೈಗಾರಿಕಾ ವಿವಾದ ಕಾಯ್ದೆ ಮುಖ್ಯವಾಗಿ ವ್ಯವಸ್ಥಾಪಕ ಅಥವಾ ಆಡಳಿತಾತ್ಮಕ ಸ್ವರೂಪದ ಕೆಲಸ ಮಾಡುವವರನ್ನು ಕಾರ್ಮಿಕ ಎಂಬ ವ್ಯಾಖ್ಯೆಯಿಂದ ಹೊರಗಿಟ್ಟಿತ್ತು. ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದೇ ಗೆರೆಯನ್ನು ಉಳಿಸಿಕೊಂಡಿದೆ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕೆಂದು ಸಂಹಿತೆ ಹೇಳುತ್ತದೆ. ಕಡತ ನೋಡಿಕೊಳ್ಳುವ ಕಿರಿಯ ಸಿಬ್ಬಂದಿ ಕೆಲಸದ ಸ್ವರೂಪಕ್ಕೆ ತಕ್ಕಂತೆ ಈ ರಕ್ಷಣೆಯೊಳಗೆ ಬರಬಹುದು. ಆದರೆ ಆಡಳಿತದ ಪರವಾಗಿ ಸಮಿತಿಯ ಸಭೆ ಕರೆಯುವ ಎಚ್‌ಆರ್ ಅಧಿಕಾರಿ, ತನ್ನದೇ ಅಹವಾಲನ್ನು ಅಲ್ಲಿ ಇಡಲು ಸಾಮಾನ್ಯವಾಗಿ ಸಾಧ್ಯವಿಲ್ಲ. ಉದ್ಯೋಗಿಗಳ ಕಣ್ಣಿಗೆ ಆಡಳಿತ ವರ್ಗ, ಆಡಳಿತ ವರ್ಗದ ಕಣ್ಣಿಗೆ ಕೇವಲ ಖರ್ಚಿನ ಬಾಬ್ತು.

ಹೇಳಲಾಗದ ಭಾರ

ಇವೆಲ್ಲಕ್ಕಿಂತ ಭಾರವಾದದ್ದು ಗುಟ್ಟು. ಉದ್ಯೋಗ ಕಡಿತದ ಪಟ್ಟಿ ಎಚ್‌ಆರ್ ಕೈಗೆ ಬರುವುದು ಸಂಬಂಧಪಟ್ಟವರಿಗೆ ತಿಳಿಯುವ ಎಷ್ಟೋ ದಿನ ಮೊದಲು. ಪಟ್ಟಿಯಲ್ಲಿರುವ ಸಹೋದ್ಯೋಗಿ ಕ್ಯಾಂಟೀನ್‌ನಲ್ಲಿ ಎದುರು ಕುಳಿತು ಗೃಹಸಾಲ ಮಂಜೂರಾದ ಸಂತೋಷ ಹಂಚಿಕೊಳ್ಳುತ್ತಿರುತ್ತಾರೆ. ಎಚ್‌ಆರ್‌ನವರು ಹೌದೌದೆನ್ನುತ್ತ ಊಟ ಮುಗಿಸಬೇಕು. ಹೇಳಿದರೆ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಮನಸ್ಸಿಗೆ.

2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ನಡೆಯುವ ವಿಚಾರಣೆಗಳು ಇದಕ್ಕಿಂತ ಸೂಕ್ಷ್ಮ. 10 ಅಥವಾ ಅದಕ್ಕಿಂತ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಯಲ್ಲಿ ಆಂತರಿಕ ಸಮಿತಿ ಇರಬೇಕು, ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷತೆ ವಹಿಸಬೇಕು, ಹೊರಗಿನ ಸದಸ್ಯರೊಬ್ಬರು ಇರಬೇಕು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು, ನಂತರದ 10 ದಿನಗಳಲ್ಲಿ ವರದಿ ಸಲ್ಲಿಕೆಯಾಗಬೇಕು. ದೂರುದಾರರ ಗುರುತನ್ನಾಗಲಿ ವಿಚಾರಣೆಯ ವಿವರವನ್ನಾಗಲಿ ಬಹಿರಂಗಪಡಿಸುವಂತಿಲ್ಲ. ಇವೆಲ್ಲವೂ ದೂರುದಾರರ ರಕ್ಷಣೆಗೆ ಅತ್ಯಗತ್ಯ. ಆದರೆ ಸಮಿತಿಯ ಕಾರ್ಯಭಾರ ಹೊತ್ತ ಎಚ್‌ಆರ್ ಸಿಬ್ಬಂದಿ, ದಿನವಿಡೀ ಕೇಳಿದ್ದನ್ನು ಮನೆಯಲ್ಲಿ ಗಂಡನಿಗೋ ಹೆಂಡತಿಗೋ ಹೇಳುವಂತಿಲ್ಲ. ಆಪ್ತಸಮಾಲೋಚಕರು ತಮ್ಮ ಮನಸ್ಸಿನ ಭಾರವನ್ನು ಹಿರಿಯ ಸಮಾಲೋಚಕರ ಮುಂದೆ ಇಳಿಸುವ ಪದ್ಧತಿ ಆ ವೃತ್ತಿಯಲ್ಲಿದೆ. ಎಚ್‌ಆರ್ ವೃತ್ತಿಯಲ್ಲಿ ಅಂಥ ಪದ್ಧತಿ ಬೇರೂರಿಲ್ಲ.

ಭಾರ ಇಳಿಸಲಾಗದವನು ಕೊನೆಗೆ ಮನಸ್ಸನ್ನೇ ಮರಗಟ್ಟಿಸಿಕೊಳ್ಳುತ್ತಾನೆ. ಬಳಲಿಕೆಯ ಎರಡನೆಯ ಲಕ್ಷಣವಾದ ಸಿನಿಕತನ ಇದೇ. ದೂರು ತಂದವಳು ಮನುಷ್ಯಳಾಗಿ ಕಾಣದೆ ಕಡತದ ಸಂಖ್ಯೆಯಾಗಿ ಕಾಣತೊಡಗುತ್ತಾಳೆ. ಕೆಲಸ ಕಳೆದುಕೊಂಡವನಿಗೆ ಮುದ್ರಿತ ವಾಕ್ಯಗಳನ್ನು ಓದಿಹೇಳಿ ಮುಂದಿನವನನ್ನು ಕರೆಯಲಾಗುತ್ತದೆ. ಉದ್ಯೋಗಿಗಳು ದೂರುವ ಎಚ್‌ಆರ್‌ನ 'ಕಲ್ಲು ಮನಸ್ಸು' ಎಷ್ಟೋ ಬಾರಿ ಸ್ವಭಾವವಲ್ಲ, ರೋಗಲಕ್ಷಣ. ಅದರ ಬೆಲೆ ತೆರುವವರು ಎಚ್‌ಆರ್‌ನವರು ಮಾತ್ರವಲ್ಲ, ಆ ಬಾಗಿಲು ತಟ್ಟುವ ಪ್ರತಿಯೊಬ್ಬರೂ.

ಯೋಗ ದಿನದಿಂದ ತೀರದ ಸಮಸ್ಯೆ

ಬಳಲಿಕೆಯ ವಿಷಯ ಬಂದಾಗ ಕಂಪನಿಗಳು ಮೊದಲು ನೆನೆಯುವುದು ಯೋಗ ಶಿಬಿರ, ಧ್ಯಾನದ ಆ್ಯಪ್, ಕ್ಷೇಮ ಸಪ್ತಾಹ. ಇವುಗಳ ಬಗ್ಗೆ ಆಕ್ಷೇಪವಿಲ್ಲ. ಆದರೆ ಯೋಗ ಶಿಬಿರಕ್ಕೆ ಜಮಖಾನೆ ತರಿಸುವವರು, ಗುರುಗಳ ಸಮಯ ಗೊತ್ತುಮಾಡುವವರು, ಹಾಜರಾತಿ ಲೆಕ್ಕವಿಡುವವರು ಎಚ್‌ಆರ್‌ನವರೇ. ಇತರರ ಒತ್ತಡ ಇಳಿಸುವ ಕಾರ್ಯಕ್ರಮ ಅವರ ಪಾಲಿಗೆ ಇನ್ನೊಂದು ಕೆಲಸ.

ಅನೇಕ ಕಂಪನಿಗಳು ಹೊರಗಿನ ಸಂಸ್ಥೆಗಳ ಮೂಲಕ ಆಪ್ತಸಮಾಲೋಚನೆ ಒದಗಿಸುತ್ತಿವೆ. ಅಲ್ಲಿಯೂ ಒಂದು ತೊಡಕು. ಆ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡವರು, ಬಿಲ್ಲು ಪಾಸು ಮಾಡುವವರು ಎಚ್‌ಆರ್‌ನವರು. ತಾನೇ ಬಿಲ್ಲು ಪಾಸು ಮಾಡುವ ಸಮಾಲೋಚಕರ ಮುಂದೆ ತನ್ನ ಮೇಲಧಿಕಾರಿಯ ಬಗ್ಗೆ ಮನಬಿಚ್ಚಿ ಮಾತನಾಡುವ ಧೈರ್ಯ ಯಾರಿಗೆ ಬಂದೀತು?

ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಅವರು ಬಳಲಿಕೆಗೆ ಕಾರಣವಾಗುವ ಆರು ಕ್ಷೇತ್ರಗಳನ್ನು ಗುರುತಿಸಿದ್ದಾರೆ: ಕೆಲಸದ ಹೊರೆ, ನಿಯಂತ್ರಣ, ಮನ್ನಣೆ, ಸಹವರ್ತಿಗಳ ಬಳಗ, ನ್ಯಾಯ ಮತ್ತು ಮೌಲ್ಯ. ಇವುಗಳಲ್ಲಿ ಯಾವುದೂ ವ್ಯಕ್ತಿಯ ದೌರ್ಬಲ್ಯವಲ್ಲ, ಎಲ್ಲವೂ ಕೆಲಸದ ಏರ್ಪಾಡಿಗೆ ಸೇರಿದವು. ಎಚ್‌ಆರ್ ಸಿಬ್ಬಂದಿಯ ಸ್ಥಿತಿಯನ್ನು ಈ ಆರು ಅಳತೆಗೋಲಿನಿಂದ ಅಳೆದರೆ ಮುಖ್ಯವಾಗಿ ಕಾಣುವ ಕೊರತೆ ನಿಯಂತ್ರಣ ಮತ್ತು ಮೌಲ್ಯದ್ದು. ನಿರ್ಧಾರ ತಮ್ಮದಲ್ಲ, ಹೇಳಬೇಕಾದವರು ಮಾತ್ರ ತಾವು. ತಪ್ಪೆನಿಸಿದರೂ ಸರಿಯೆಂದು ಸಮರ್ಥಿಸಬೇಕು. ಧ್ಯಾನದ ಆ್ಯಪ್ ಇದನ್ನು ಸರಿಪಡಿಸಲಾರದು.

ಏನು ಮಾಡಬಹುದು?

ಪರಿಹಾರವೂ ಏರ್ಪಾಡಿನಲ್ಲೇ ಇದೆ. ಮೊದಲನೆಯದು, ನಿರ್ಧಾರ ಕೈಗೊಂಡವರೇ ನಿರ್ಧಾರವನ್ನು ತಿಳಿಸಬೇಕು. ಕೆಲಸದಿಂದ ತೆಗೆಯುವ ಮಾತನ್ನು ಸಂಬಂಧಪಟ್ಟ ವಿಭಾಗದ ಮುಖ್ಯಸ್ಥರು ಎದುರು ಕುಳಿತು ಹೇಳಲಿ. ಲೆಕ್ಕ, ಕಾಗದಪತ್ರ, ಮುಂದಿನ ನೆರವಿನ ವಿವರ ನೀಡಲು ಎಚ್‌ಆರ್ ಪಕ್ಕದಲ್ಲಿರಲಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಾಗದು. ಬೇಕಾದದ್ದು ಮುಖ್ಯಸ್ಥರ ಎದೆಗಾರಿಕೆ ಮಾತ್ರ. ಎದುರಿಗೆ ಹೇಳಬೇಕಾದ ಪ್ರಮೇಯ ಬಂದರೆ ಕೆಲವು ನಿರ್ಧಾರಗಳು ಎರಡನೆಯ ಯೋಚನೆಗೂ ಒಳಗಾದಾವು.

ಎರಡನೆಯದು, ಕುರ್ಚಿಗಳನ್ನು ಬೇರ್ಪಡಿಸಬೇಕು. ದೂರು ಆಲಿಸುವವರು ಮತ್ತು ಕಡಿತದ ಪಟ್ಟಿ ಜಾರಿಗೊಳಿಸುವವರು ಒಬ್ಬರೇ ಆಗಿರಬಾರದು. ನೂರಾರು ಉದ್ಯೋಗಿಗಳಿರುವ ಕಂಪನಿಗೆ ಇದು ಕಷ್ಟವಲ್ಲ. ಉದ್ಯೋಗಿಗಳು ತಾವೇ ಆರಿಸಿದ ಪ್ರತಿನಿಧಿಗಳು ಕುಂದುಕೊರತೆ ಸಮಿತಿಯಲ್ಲಿ ನಿಜವಾಗಿ ಕುಳಿತು ಮಾತನಾಡಿದರೆ ಎಚ್‌ಆರ್‌ನ ಅರ್ಧ ಭಾರ ತಾನಾಗಿ ಇಳಿಯುತ್ತದೆ. ಉದ್ಯೋಗಿಗಳ ಪ್ರಾತಿನಿಧ್ಯವನ್ನು ಎಚ್‌ಆರ್ ವಿಭಾಗಗಳು ಅಪಾಯವೆಂದು ಕಾಣುವುದೇ ಹೆಚ್ಚು. ಅದು ಅವರದೇ ಬಿಡುಗಡೆಯ ದಾರಿ ಎಂಬುದನ್ನು ಅವರು ಯೋಚಿಸಬೇಕಾಗಿದೆ.

ಮೂರನೆಯದು, ಭಾರ ಇಳಿಸುವ ಜಾಗ ಬೇಕು. ಸೂಕ್ಷ್ಮ ವಿಚಾರಣೆಯೊಂದು ಮುಗಿದ ಮೇಲೆ ಅಥವಾ ಕಡಿತದ ವಾರ ಕಳೆದ ಮೇಲೆ, ಗೋಪ್ಯತೆಗೆ ಬದ್ಧರಾದ ಹೊರಗಿನ ತಜ್ಞರೊಂದಿಗೆ, ಯಾರ ಹೆಸರನ್ನೂ ಎತ್ತದೆ ಮಾತನಾಡುವ ಅವಕಾಶವನ್ನು ಕಡ್ಡಾಯವಾಗಿ ಒದಗಿಸಬೇಕು. ಅದರ ಒಪ್ಪಂದ ಮತ್ತು ಪಾವತಿ ಎಚ್‌ಆರ್ ಕೈಯಲ್ಲಿರದೆ ಬೇರೆ ವಿಭಾಗದ ಕೈಯಲ್ಲಿರಬೇಕು. ಕಂಪನಿಯ ಹಂಗೇ ಬೇಡವೆನ್ನುವವರಿಗೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಇದೆ. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರಗಳಲ್ಲೊಂದು. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ನಾಲ್ಕನೆಯದು, ಸರದಿ. ಆಂತರಿಕ ಸಮಿತಿಯ ಕೆಲಸವನ್ನು ವರ್ಷಾನುಗಟ್ಟಲೆ ಒಬ್ಬರ ಹೆಗಲಿಗೇ ಹೊರಿಸದೆ ತರಬೇತಿ ಪಡೆದ ಹಲವರು ಹಂಚಿಕೊಳ್ಳಬೇಕು. ಐದನೆಯದು, ಎಚ್‌ಆರ್ ಸಿಬ್ಬಂದಿಯ ದೂರು ಎಚ್‌ಆರ್ ಮುಖ್ಯಸ್ಥರ ಬಳಿಗೇ ಹೋಗಿ ನಿಲ್ಲದೆ, ಬೇರೊಬ್ಬ ಹಿರಿಯ ಅಧಿಕಾರಿಯನ್ನೋ ನಿರ್ದೇಶಕ ಮಂಡಳಿಯ ಸದಸ್ಯರನ್ನೋ ತಲುಪುವ ದಾರಿ ಇರಬೇಕು. ಒಂದು ನಿರ್ಧಾರ ಕಾನೂನಿಗೆ ಅಥವಾ ನ್ಯಾಯಕ್ಕೆ ವಿರುದ್ಧವೆನಿಸಿದರೆ ಅದನ್ನು ಲಿಖಿತವಾಗಿ ದಾಖಲಿಸುವ ಹಕ್ಕು ಅವರಿಗಿರಬೇಕು.

ಆಕ್ಷೇಪಗಳಿಲ್ಲದಿಲ್ಲ

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಎಚ್‌ಆರ್ ವಿಭಾಗಗಳು ನಿರ್ದೋಷಿಗಳೆಂದು ಅರ್ಥವಲ್ಲ. ಬಲವಂತದ ರಾಜೀನಾಮೆ ಬರೆಸಿಕೊಂಡ, ದೂರನ್ನು ಮುಚ್ಚಿಹಾಕಿದ ಆರೋಪಗಳು ಆಗಾಗ ಕಾರ್ಮಿಕ ಇಲಾಖೆಯ ಮುಂದೆ ಬರುತ್ತಲೇ ಇವೆ. ಬಳಲಿಕೆ ಅದಕ್ಕೆ ಸಮಜಾಯಿಷಿಯಾಗದು. ಕೆಲಸ ಕಳೆದುಕೊಂಡವನ ನೋವಿಗೂ, ಆ ಸುದ್ದಿ ಹೇಳಿದವನ ನೋವಿಗೂ ತೂಕ ಒಂದೇ ಎನ್ನಲಾಗದು.

ಇಪ್ಪತ್ತು ಮೂವತ್ತು ಮಂದಿಯ ಸಣ್ಣ ನವೋದ್ಯಮದಲ್ಲಿ ಇದೆಲ್ಲ ಸಾಧ್ಯವೇ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಅಲ್ಲಿ ಒಬ್ಬರೇ ಎಚ್‌ಆರ್, ಅವರೇ ಲೆಕ್ಕಪತ್ರ, ಕೆಲವೊಮ್ಮೆ ಅವರೇ ಕಟ್ಟಡದ ಉಸ್ತುವಾರಿ. ಕುರ್ಚಿಗಳನ್ನು ಬೇರ್ಪಡಿಸಲು ಅಲ್ಲಿ ಕುರ್ಚಿಗಳೇ ಇಲ್ಲ. ಆದರೆ ಮೊದಲನೆಯ ಕ್ರಮಕ್ಕೆ ಅಲ್ಲಿಯೂ ಅಡ್ಡಿಯಿಲ್ಲ. ಮಾಲೀಕರೇ ತಮ್ಮ ನಿರ್ಧಾರವನ್ನು ತಮ್ಮ ಬಾಯಿಂದ ಹೇಳಬಹುದು.

ಬೆಂಗಳೂರು ಲಕ್ಷಾಂತರ ಮಂದಿಗೆ ಉದ್ಯೋಗ ಕೊಟ್ಟ ನಗರ. ಇಲ್ಲಿ ಕೆಲಸಕ್ಕೆ ಸೇರುವ ದಿನ ಮೊದಲು ಕಾಣುವ ಮುಖ ಎಚ್‌ಆರ್‌ನದು, ಬಿಡುವ ದಿನ ಕೊನೆಗೆ ಕಾಣುವ ಮುಖವೂ ಎಚ್‌ಆರ್‌ನದೇ. ಆ ಮುಖದಲ್ಲಿ ಒಂದಿಷ್ಟು ಮನುಷ್ಯತ್ವ ಉಳಿದಿರಬೇಕಾದರೆ ಅದನ್ನು ಉಳಿಸುವ ಹೊಣೆ ಆ ಒಬ್ಬರದೇ ಅಲ್ಲ. ಮಧ್ಯಾಹ್ನ ಮೂರು ಗಂಟೆಗೆ ಆ ಕೋಣೆಯಲ್ಲಿ ಯಾರು ಕುಳಿತಿರಬೇಕು ಎಂಬುದನ್ನು ಸಂಸ್ಥೆಗಳು ತೀರ್ಮಾನಿಸಿದರೆ ಸಾಕು, ಅರ್ಧ ದಾರಿ ಸವೆದಂತೆ.